ಮೂರನೆಯ ಸಲ ಕೇಳುವವರೆಗೆ

ಈ ತಲೆನೋವು ನಿಜವೋ ಅಥವಾ ತಾನೇ ಕಲ್ಪಿಸಿಕೊಂಡದ್ದೋ ಎಂಬುದು ಕಾಲೇಜಿನಿಂದ ರಜೆಗೆ ಮನೆಗೆ ಬಂದಿದ್ದ ಮಾರಿಟ್‌ಳಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಅಂಗಳದ ಹಿಮ ಎತ್ತಿಹಾಕುವಾಗ ಅದರ ಸುಳಿವೇ ಇರುವುದಿಲ್ಲ. ಒಳಗೆ ಬಂದು ಕೂತರೆ ಶುರು. ಹೇಳಿಬಿಡೋಣವೆಂದರೆ, ಹಿಮ ಎತ್ತಿದರೆ ವಾಸಿಯಾಗುತ್ತದಲ್ಲ ಎಂದು ಅಪ್ಪ ಸಲಿಕೆಯನ್ನು ಕಾಯಮ್ಮಾಗಿ ಅವಳ ಕೈಗೇ ಕೊಟ್ಟಾರು. ಹಾಗಾಗಿ ಡೈರಿಯಲ್ಲಿ ಬರೆದುಕೊಂಡು ಸುಮ್ಮನಾಗಿದ್ದಳು. ಕಾಲೇಜಿನಲ್ಲಿ ಇಡೀ ವರ್ಷ ಅಡುಗೆಯವರು ಅವಳನ್ನು ಮಾರ್ಗರೆಟ್ ಎಂದೇ ಕರೆದಾಗಲೂ ಅವಳು ತಿದ್ದಿರಲಿಲ್ಲ.

ಆದರೆ ಈ ಭಾನುವಾರ ಬೆಳಿಗ್ಗೆ, ಬೀಟ್‌ರೂಟ್ ಉಪ್ಪಿನಕಾಯಿಯ ಜಾಡಿ ತರಲು ನೆಲಮಾಳಿಗೆಗೆ ಇಳಿದವಳು ಫರ್ನೇಸಿನ ಕಿಂಡಿಯಲ್ಲಿ ಇಣುಕಿದಳು. ಮನೆಯ ಎಲ್ಲ ಕೋಣೆಗಳಿಗೂ ತಗಡಿನ ಕೊಳವೆಗಳಲ್ಲಿ ಬಿಸಿಗಾಳಿ ಕಳಿಸುವ ಯಂತ್ರ ಅದು. ಅದರ ಉರಿ ನೀಲಿಯಾಗಿ ಚುರುಕಾಗಿರಬೇಕು. ಈಗ ಅದು ಹಳದಿಯಾಗಿ, ಮೇಣದ ಬತ್ತಿಯ ಹಾಗೆ ಸೋಮಾರಿಯಾಗಿ ತೂಗುತ್ತಿತ್ತು. ಸುತ್ತ ಮಸಿ. ಹಾಸ್ಟೆಲಿನ ಗೋಡೆಗೆ ಅಂಟಿಸಿದ್ದ ಸೂಚನೆ ಅವಳಿಗೆ ನೆನಪಾಯಿತು: ಉರಿ ಹಳದಿಯಾದರೆ ವಾಸನೆಯಿಲ್ಲದ ವಿಷದ ಗಾಳಿ ಮನೆಯೊಳಗೆ ಸೇರಬಹುದು, ಮೊದಲು ತಲೆನೋವು, ಆಮೇಲೆ ಜೊಂಪು, ಆಮೇಲೆ ಏಳುವುದೇ ಇಲ್ಲ.

"ಅಮ್ಮ, ಉರಿ ಸ್ವಲ್ಪ... ಹಳದಿ ಆಗಿದೆ ಅನ್ಸುತ್ತೆ," ಎಂದಳು ಮೇಲೆ ಬಂದು, ಜಾಡಿಗೆ ಹೇಳುವ ಹಾಗೆ.

"ಮೆಲ್ಲಗೆ! ನಿಮ್ಮಪ್ಪನಿಗೆ ಕೇಳಿಸೀತು." ಅಮ್ಮ ಲುಯೆಲ್ಲಾ ಕೈಯೊರೆಸಿಕೊಂಡಳು. ಚಳಿಗಾಲಕ್ಕೆ ಮೊದಲು ಫರ್ನೇಸನ್ನು ಅಪ್ಪ ತಾನೇ ಬಿಚ್ಚಿ ಶುಚಿಮಾಡಿ, ಇನ್ನು ಹತ್ತು ವರ್ಷ ಚಿಂತೆಯಿಲ್ಲ ಎಂದು ಚರ್ಚಿನಲ್ಲೆಲ್ಲ ಹೇಳಿಕೊಂಡು ಬಂದಿದ್ದರು. "ಓಡೆಲ್‌ನ ಕಾಫಿಗೆ ಕರೀತೀನಿ. ಫರ್ನೇಸ್ ರಿಪೇರಿಯವನಲ್ವಾ, ನೋಡ್ಲಾ ಅಂತ ಅವನೇ ಕೇಳ್ತಾನೆ."

"ನಾವೇ ಕೇಳಿದ್ರೆ?"

"ಭಾನುವಾರ? ಮನುಷ್ಯನಿಗೆ ತೊಂದರೆ ಕೊಡೋದಾ? ಏನಂದ್ಕೊಂಡಾನು!"

ಮಧ್ಯಾಹ್ನ ಓಡೆಲ್ ಬಂದ. ಚರ್ಚಿನ ಗಾನವೃಂದದಲ್ಲಿ ಅಪ್ಪನ ಪಕ್ಕ ನಿಲ್ಲುವವನು. ಮೇಜಿನ ಸುತ್ತ ಎಲ್ಲರೂ ಉಣ್ಣೆಯ ಟೋಪಿ ಹಾಕಿಕೊಂಡೇ ಕೂತಿದ್ದುದನ್ನು ನೋಡಿ ಅವನೂ ತನ್ನ ಟೋಪಿ ತೆಗೆಯಲಿಲ್ಲ. ಯಾಕೆಂದು ಕೇಳಲೂ ಇಲ್ಲ. ಕಾಫಿ ಬೇಡವೆಂದ, ಬೇಡವೇ ಬೇಡವೆಂದ, ಮೂರನೆಯ ಸಲ ಕೇಳಿದಾಗ ಅರ್ಧ ಲೋಟ ಸಾಕೆಂದ. ಮಿನ್ನೆಸೋಟಾದ ಆ ಊರಿನಲ್ಲಿ ಮೊದಲ ಸಲಕ್ಕೇ ಹೂಂ ಎಂದವರನ್ನು ಜನ ಬಹಳ ವರ್ಷ ನೆನಪಿಟ್ಟುಕೊಳ್ಳುತ್ತಾರೆ.

"ಮನೆ ತಂಪಾಗಿ ಹಿತವಾಗಿದೆ, ಆರ್ವಿಡ್," ಎಂದ.

"ಪರವಾಗಿಲ್ಲ," ಎಂದರು ಅಪ್ಪ. ಅವರ ಮಾತಿನ ಜೊತೆ ಬಾಯಿಂದ ಸಣ್ಣಗೆ ಹಬೆಯೂ ಬಂತು.

ಕೆಳಗೆ ಢಮ್ಮೆಂದಿತು. ಕಪಾಟಿನ ತಟ್ಟೆಗಳು ನಡುಗಿದವು. ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಅಜ್ಜಿ, "ಯಾರೋ ಬಾಗಿಲು ಬಡೀತಿದಾರೆ, ನೋಡ್ರೇ," ಎಂದರು. ಫರ್ನೇಸು ಹೊತ್ತಿಕೊಂಡಾಗಲೆಲ್ಲ ಅಜ್ಜಿ ಇದನ್ನೇ ಹೇಳುತ್ತಿದ್ದರು. ಈ ವಾರವಂತೂ ಆ ಮನೆಗೆ ಅತಿಥಿಗಳ ಜಾತ್ರೆಯೇ ನೆರೆದಿತ್ತು.

ಓಡೆಲ್ ಕಿವಿ ನಿಮಿರಿಸಿದ. "ಕೆಳಗಿಳಿದು ಒಂದ್ಸಲ ನೋಡ್ಲಾ?"

"ಏ, ಬೇಡಪ್ಪ. ಅದಕ್ಕೆ ಗುಡುಗೋ ಸ್ವಭಾವ."

ಒಂದು, ಎಂದು ಮಾರಿಟ್ ಮನಸ್ಸಿನಲ್ಲೇ ಎಣಿಸಿದಳು.

"ಸಾಮಾನೆಲ್ಲ ಗಾಡೀಲೇ ಇದೆ ಆರ್ವಿಡ್. ಕಷ್ಟವೇನಿಲ್ಲ."

"ಒಳ್ಳೇ ಬಟ್ಟೆ ಹಾಕ್ಕೊಂಡಿದೀಯ. ಮಸಿ ಆಗುತ್ತೆ ಬಿಡು."

ಎರಡು. ಅಪ್ಪ ಗಂಟಲು ಸರಿಮಾಡಿಕೊಂಡರು, ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರು. ಮೂರನೆಯದಕ್ಕೆ ಒಪ್ಪಲು ಅವರು ಸಿದ್ಧರಾಗಿದ್ದರು. ಓಡೆಲ್ ಬಾಯಿ ತೆರೆದ.

"ಆಪಲ್ ಪೈ ಇನ್ನೊಂದು ತುಂಡು ಹಾಕ್ಲಾ?" ಎಂದಳು ಅಮ್ಮ, ಅಪ್ಪ ಎರಡು ಸಲ ಬೇಡವೆಂದ ಗಾಬರಿಗೆ.

ಓಡೆಲ್ ಅದನ್ನು ಕ್ರಮವಾಗಿ ನಿರಾಕರಿಸಬೇಕಾಯಿತು. ಬೇಡ ಎಂದ. ಹೊಟ್ಟೆ ಬಿರಿಯುತ್ತೆ ಎಂದ. ಕೊನೆಗೆ ಚೂರೇ ಚೂರು ಎಂದು ತಟ್ಟೆ ಒಡ್ಡಿದ. ಇಷ್ಟರಲ್ಲಿ ಫರ್ನೇಸಿನ ಲೆಕ್ಕ ಎಲ್ಲೋ ಬಿದ್ದುಹೋಗಿತ್ತು. ಪೈ ಮುಗಿಸಿ ಅವನು ಎರಡೂ ಮೊಣಕಾಲುಗಳನ್ನು ಅಂಗೈಯಿಂದ ತಟ್ಟಿ, "ಸರಿ ಹಾಗಾದ್ರೆ," ಎಂದು ಎದ್ದ. ಹಾಗೆ ಎದ್ದವನನ್ನು ಆ ಊರಿನಲ್ಲಿ ಯಾರೂ ಮತ್ತೆ ಕೂರಿಸುವುದಿಲ್ಲ.

ಅಪ್ಪ ಕಣ್ಣಿನಲ್ಲೇ ಅಮ್ಮನನ್ನು ಬೈದರು. ಅಮ್ಮ ಪೈ ತಟ್ಟೆಯನ್ನು ನೋಡಿದಳು.

"ಹುಷಾರಾಗಿ ಗಾಡಿ ಓಡ್ಸು. ರಸ್ತೆಯೆಲ್ಲ ಜಾರುತ್ತೆ," ಎಂದರು ಅಪ್ಪ.

"ಪರವಾಗಿಲ್ಲ." ಓಡೆಲ್ ಕೋಟಿನ ಒಂದು ತೋಳು ತೊಟ್ಟ.

ಕೆಳಗೆ ಮತ್ತೆ ಢಮ್ಮೆಂದಿತು. ತಟ್ಟೆಗಳು ನಡುಗಿ ನಿಂತವು. ಮಾರಿಟ್ ಕಾದಳು. ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಅಜ್ಜಿ ಹೇಳಲಿಲ್ಲ.

ಅಜ್ಜಿಯ ಗದ್ದ ಎದೆಗೆ ತಾಗಿತ್ತು. ಕೈಯಲ್ಲಿದ್ದ ಬಿಸ್ಕತ್ತು ಶಾಲಿನ ಮೇಲೆ ಜಾರಿತ್ತು. "ಅಜ್ಜಿ," ಎಂದು ಮಾರಿಟ್ ಭುಜ ಮುಟ್ಟಿದಳು. "ಅಜ್ಜೀ!"

"ಮಲಗ್ಲಿ ಬಿಡು, ವಯಸ್ಸಾಯ್ತು," ಎಂದಳು ಅಮ್ಮ.

ಮಾರಿಟ್ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಅವಳು ಓಡೆಲ್‌ನನ್ನು ದಾಟಿಕೊಂಡು ಓಡಿ ಮುಂಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲವಾಗಿ ತೆರೆದಳು.

"ಅಯ್ಯೋ, ಇರೋ ಬಿಸಿಯೆಲ್ಲ ಹೋಯ್ತು!" ಎಂದರು ಅಪ್ಪ.

"ಫರ್ನೇಸು ಕೆಟ್ಟಿದೆ," ಎಂದಳು ಮಾರಿಟ್. ಅವಳ ದನಿ ಅಷ್ಟು ದೊಡ್ಡದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ. "ಉರಿ ಹಳದಿಯಾಗಿದೆ. ನಂಗೆ ದಿನಾ ತಲೆ ನೋಯುತ್ತೆ. ಅಜ್ಜಿ ಏಳ್ತಾ ಇಲ್ಲ. ಓಡೆಲ್ ಮಾವ, ಹೋಗ್ಬೇಡಿ, ಸರಿ ಮಾಡಿ."

ಓಡೆಲ್ ಒಂದು ಸಲವೂ ಬೇಡವೆನ್ನಲಿಲ್ಲ. ತೊಟ್ಟಿದ್ದ ಕೋಟಿನ ತೋಳನ್ನು ಕಳಚಿ ನೆಲಮಾಳಿಗೆಯ ಕಡೆ ತಿರುಗಿದ. ತೆರೆದ ಬಾಗಿಲಿನಿಂದ ಹಿಮದ ಗಾಳಿ ನುಗ್ಗಿ ಮೇಜಿನ ಮೇಲಿನ ಕಾಗದಗಳನ್ನು ಹಾರಿಸಿತು, ಅಜ್ಜಿಯ ಶಾಲಿನ ಕುಚ್ಚುಗಳನ್ನು ಅಲುಗಿಸಿತು. ಅಜ್ಜಿ ಒಂದೇ ಕಣ್ಣು ತೆರೆದು ಬಾಗಿಲ ಕಡೆ ನೋಡಿದರು.