ಜುಬೇದಾ ನದಾಫರ ಎಲುಬು

ನಾನು ಒಂದು ತೊಡೆಮೂಳೆ. ಎಡಗಾಲಿನದು.

ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬಂತು. ಹಾಲಿನವನು ಬಂದು ಹೋದ. ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಬಸ್ಸು ಹತ್ತಿದ್ದರು. ಡಾಕ್ಟರ್ ಚನ್ನವೀರ ತೀರಿಕೊಂಡು ಆರು ದಿನಗಳಾಗಿದ್ದವು. ಆ ಮನೆಗೆ ಮೊದಲ ಸಾಮಾನ್ಯ ಬೆಳಗು ಅದು. ಅವನ ತಾಯಿ ಗಂಗವ್ವ ಕಸ ಹೊಡೆಯುತ್ತ ಮಂಚದ ಕೆಳಗೆ ಕಸಬರಿಗೆ ಚಾಚಿದಳು. ಅದು ನನ್ನ ಚೀಲಕ್ಕೆ ತಗುಲಿತು. ಆಕೆ ಚೀಲ ಎಳೆದು ಬಿಚ್ಚಿದಳು.

"ದಾಕ್ಷಾಯಣಿ, ಇಲ್ಲಿ ಬಾ. ಇದೇನಿದು?"

ಚನ್ನವೀರನ ಹೆಂಡತಿ ಬಾಗಿಲಲ್ಲಿ ನಿಂತಳು. "ಎಲುಬು, ಅತ್ತಿ. ಹುಡುಗರಿಗೆ ಕಲಿಸಾಕ ಒಯ್ತಿದ್ರಲ್ಲ."

"ಮನಶ್ಯಾರದಾ?"

"ಹೌದ್ರಿ."

ಗಂಗವ್ವ ನೆಲದ ಮೇಲೆ ಕುಳಿತುಬಿಟ್ಟಳು. "ನಾ ಶ್ರೀಶೈಲದಿಂದ ತಂದ ವಿಭೂತಿಗೆ ಈ ಖೋಲ್ಯಾಗ ಜಾಗ ಇರಲಿಲ್ಲ. ಯಾರದೋ ಎಲುಬಿಗಿ ಜಾಗ ಇತ್ತು." ಕಸಬರಿಗೆ ಬದಿಗಿಟ್ಟು ಹೇಳಿದಳು: "ಸಂಜಿಯೊಳಗ ಇದಕ್ಕೂ ಮಣ್ಣು ಕೊಡೂಣು. ಇದೂ ಒಬ್ಬ ತಾಯಿ ಹೊಟ್ಟ್ಯಾಗಿಂದಽ."

ದಾಕ್ಷಾಯಣಿ ನಾಲ್ಕು ವರ್ಷಗಳಿಂದ ನನ್ನ ಚೀಲವನ್ನು ದಿನವೂ ಕಂಡವಳು. ನನ್ನನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಕಿಟಕಿಯ ಬೆಳಕಿಗೆ ಒಯ್ದು ತಿರುಗಿಸಿದಳು. ನನ್ನ ಕೆಳತುದಿಯಲ್ಲಿ ಮಾಸಿದ ಶಾಯಿಯಲ್ಲಿ ಒಂದು ಬರಹವಿದೆ: 'ಜುಬೇದಾ ನದಾಫ್. ಎರಡನೇ ವರ್ಷ. ಓದಿ ವಾಪಸ್ ಕೊಡು.'

"ಅತ್ತಿ, ಇದು ನಮ್ಮದಲ್ಲ. ಕಡಾ ತಂದದ್ದು."

"ಹಂಗಾದ್ರ ಮಣ್ಣು ಕೊಡಾಕ ನಾವ್ಯಾರು. ಕೊಟ್ಟು ಬಾ. ಇವತ್ತಽ."

ಆ ಮನೆಯಲ್ಲಿ ನೆಂಟರು ಬಿಟ್ಟುಹೋದ ಒಂದು ಮಾತಿತ್ತು. ಮಣ್ಣಿನ ದಿನ ಚನ್ನವೀರನ ಕಾಕಾ ಅಂಗಳದಲ್ಲಿ ಆಡಿದ್ದು: "ಡಾಕ್ಟರಾದಾಂವಗ ತನ್ನ ಎದಿನೋವು ತಿಳೀಲಿಲ್ಲೇನು? ತಿಳದಽ ಸುಮ್ಮನಿದ್ದ." ದಾಕ್ಷಾಯಣಿ ಆಗ ನೀರಿನ ತಂಬಿಗೆ ಹಿಡಿದು ಹೊಸ್ತಿಲಲ್ಲಿದ್ದಳು. ಅಂದಿನಿಂದ ಅವಳು ಅವನ ಅಂಗಿಯ ಜೇಬುಗಳನ್ನು, ಪುಸ್ತಕಗಳ ಹಾಳೆಗಳನ್ನು, ಫೋನಿನ ಹಳೆಯ ಸಂದೇಶಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಅವನು ಬದುಕಿರಬೇಕು ಎಂದುಕೊಂಡಿದ್ದನೋ, ಸಾಕು ಎಂದುಕೊಂಡಿದ್ದನೋ? ಅವಳು ಹುಡುಕುತ್ತಿದ್ದದ್ದು ಅದನ್ನು. ನನಗೂ ತಿಳಿಯದು. ಹದಿನೈದು ವರ್ಷ ಅವನ ಜೊತೆಗಿದ್ದೂ ತಿಳಿಯದು.

ನನ್ನ ಹುಟ್ಟಿನ ಬಗ್ಗೆ ನನಗಿರುವ ತಿಳಿವಳಿಕೆ ಕಡಿಮೆ. ಯಾರದೋ ಒಳಗೆ ಮೆತ್ತಗೆ ಶುರುವಾಗಿ ಗಟ್ಟಿಯಾದೆ. ಹೆಣ್ಣೋ ಗಂಡೋ ಎಂದು ಹುಡುಗರು ಅಳೆದು ಅಳೆದು ಜಗಳವಾಡಿದ್ದಾರೆ. ನನ್ನ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಒರಟು ಗೆರೆ ಇದೆ. ತೊಡೆಯ ಸ್ನಾಯುಗಳು ಹಿಡಿದುಕೊಳ್ಳುವ ಜಾಗ ಅದು. ದುಡಿದವರಲ್ಲಿ ಹೆಚ್ಚು ಉಬ್ಬಿರುತ್ತದಂತೆ. ನನ್ನದು ಚೆನ್ನಾಗಿ ಉಬ್ಬಿದೆ. ಹಾಗಾಗಿ ಆ ಮನುಷ್ಯ ತುಂಬ ನಡೆದಿರಬೇಕು, ಭಾರ ಹೊತ್ತಿರಬೇಕು. ಎಲ್ಲಿಗೆ, ಏನನ್ನು ಎಂದು ಯೋಚಿಸುವುದು ನನಗೆ ಈಗಲೂ ಇಷ್ಟ.

ಎರಡನೆಯ ಹುಟ್ಟು ಮಾತ್ರ ನೆನಪಿದೆ. ವೈದ್ಯಕೀಯ ಕಾಲೇಜಿನ ಹಿಂದಿನ ಅಂಗಳದಲ್ಲಿ, ಬಿಸಿಲಿನಲ್ಲಿ, ತೊಳೆದು ಒಣಹಾಕಿದ್ದರು. ಆ ಮೇಲೆ ನನ್ನನ್ನು ಓದತೊಡಗಿದರು. ಮೂಳೆಗಳು ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಇಳಿಯುವುದು ಅಲ್ಲಿನ ಪದ್ಧತಿ. ಕೈಯಿಂದ ಕೈಗೆ ಸಾಗಿ ನಾನು ಜುಬೇದಾಳ ಕೈಗೆ ಬಂದೆ. ಅವಳ ತಂದೆ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಅವಳು ಗಾದಿಯ ಪಟ್ಟೆಬಟ್ಟೆಯಲ್ಲಿ ನನಗೊಂದು ಚೀಲ ಹೊಲಿದಳು. ಒಳಗೆ ತೆಳುವಾಗಿ ಹತ್ತಿ ತುಂಬಿದಳು. ಸ್ನಾಯು ಹುಟ್ಟುವ ಕಡೆ ಕೆಂಪು, ಸೇರುವ ಕಡೆ ನೀಲಿ ಬಳಿದಳು. ಅವಳ ಕೈಯಲ್ಲಿ ನಾನು ಹಬ್ಬಕ್ಕೆ ಸಿಂಗರಿಸಿದಂತೆ ಇದ್ದೆ.

ಮರುವರ್ಷ ಮೊದಲ ವರ್ಷದ ಚನ್ನವೀರ ನನ್ನನ್ನು ಕೇಳಿಕೊಂಡು ಬಂದ. ಹಾಸ್ಟೆಲಿನಲ್ಲಿ ಜಾಗ ಸಿಗದೆ ಮಹಡಿಯ ಮೇಲೊಂದು ಬಾಡಿಗೆ ಕೋಣೆಯಲ್ಲಿದ್ದ ಹುಡುಗ. ಮೊದಲ ದಿನ ನನ್ನನ್ನು ಕರವಸ್ತ್ರದಲ್ಲಿ ಹಿಡಿದ. ಮೂರನೆಯ ದಿನ ಬರಿಗೈಯಲ್ಲಿ ಹಿಡಿದ. ಏಳನೆಯ ದಿನ ನನ್ನ ಮೇಲೆ ಒದ್ದೆ ಟವೆಲ್ ಹರವಿದ. ಹೀಗೆ ಹೋದ ಹೆದರಿಕೆ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಕುತೂಹಲವಿತ್ತು. ದೂರವೇನೂ ಹೋಗಿರಲಿಲ್ಲ. ನನ್ನನ್ನು ಬಿಟ್ಟು ಪ್ರೊಫೆಸರರ ಮೇಲೆ ಕುಳಿತಿತ್ತು.

ಮೂಳೆಯ ಪಾಠದಲ್ಲಿ ಮೊದಲ ಪ್ರಶ್ನೆ ಒಂದೇ: ಯಾವ ಬದಿಯದು? ಅದಕ್ಕೆ ತಪ್ಪಿದರೆ ಮುಂದಿನದಕ್ಕೆ ಬೆಲೆಯಿಲ್ಲ. ಮೂಳೆಯನ್ನು ತನ್ನದೇ ಮೈಗೆ ಹಿಡಿದು ನೋಡಬೇಕು. ತಲೆ ಒಳಕ್ಕೆ, ಗೆರೆ ಹಿಂದಕ್ಕೆ ಇಟ್ಟರೆ ನಾನು ಎಡತೊಡೆಗೆ ಕೂರುತ್ತೇನೆ. ಚನ್ನವೀರ ವಾರವಿಡೀ ಅಭ್ಯಾಸ ಮಾಡಿದ. ಆದರೆ ಗೆಳೆಯನನ್ನು ಎದುರಿಗೆ ನಿಲ್ಲಿಸಿ, ಅವನ ತೊಡೆಗೆ ನನ್ನನ್ನು ಹಿಡಿಸಿ, ತಾನು ಈಚೆ ನಿಂತು ಕಲಿತ. ಎದುರಿನವನ ಎಡ ಇವನ ಬಲಗೈಯ ಕಡೆಗಿತ್ತು. ಏಳು ದಿನ ಕಷ್ಟಪಟ್ಟು ಅವನು ತಪ್ಪನ್ನೇ ಗಟ್ಟಿಮಾಡಿಕೊಂಡ.

"ಯಾವ ಬದಿ?" ಪ್ರೊಫೆಸರರು ಕೇಳಿದರು.

"ಬಲ, ಸರ್."

"ನಿನ್ನ ಬಲಗೈ ಎತ್ತಪಾ ನೋಡೂಣು."

ಗಾಬರಿಯಲ್ಲಿ ಅವನು ಎಡಗೈ ಎತ್ತಿದ. ನೂರೈವತ್ತು ಮಂದಿ ನಕ್ಕರು.

"ಎಮ್ಮಿಗಿ ಸುದ್ದಾ ತನ್ನ ಕೊಟ್ಟಿಗಿ ಯಾವ ಕಡೆ ಐತಂತ ಗೊತ್ತಿರತೈತಿ. ನಾಳೆ ಯಾರ ಕಾಲ ಕೊಯ್ಯಾವ ನೀನು?"

ಆಮೇಲೆ ಇನ್ನೂ ಐದು ಪ್ರಶ್ನೆ ಕೇಳಿದರು. ಅವನಿಗೆ ಒಂದೂ ಬರುತ್ತಿರಲಿಲ್ಲ. ಆದರೂ ಎಲ್ಲಕ್ಕೂ ಏನೋ ಒಂದು ಹೇಳಿದ. 'ಗೊತ್ತಿಲ್ಲ' ಎಂಬ ಸಣ್ಣ ಮಾತು ಆ ಕೋಣೆಯಲ್ಲಿ ಯಾರ ಬಾಯಿಂದಲೂ ಬಂದದ್ದನ್ನು ನಾನು ಕೇಳಿರಲಿಲ್ಲ.

ಆ ಮೇಲೆ ಒಂಬತ್ತು ದಿನ ಚನ್ನವೀರ ಕೋಣೆಯ ಬಾಗಿಲು ತೆರೆಯಲಿಲ್ಲ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನಾನು ಅವನ ಕಾಲಿನ ಬಳಿ ಇದ್ದೆ. ಒಂಬತ್ತನೆಯ ದಿನ ಮಧ್ಯಾಹ್ನ ಜುಬೇದಾ ಬಂದು ಮೆಟ್ಟಿಲ ಮೇಲೆ ಕುಳಿತಳು.

"ಚನ್ನವೀರ, ನನ್ನ ಎಲುಬು ಕೊಡೋ."

ಕುಳಿತಲ್ಲಿಂದಲೇ ಬಾಗಿಲು ಬಡಿದಳು.

"ಅದೀಯೋ ಇಲ್ಲೋ ಅದನ್ನರ ಹೇಳು. ಇಲ್ಲಾಂದ್ರ ನನ್ನದರ ಬದಲಿ ನಿನ್ನದಽ ಒಯ್ತೀನಿ. ನಿನ್ನದು ಹೊಸಾದು, ಪಾಲಿಶ್ ಛಲೋ ಇರತೈತಿ."

ಅವನ ಬಾಯಿಂದ ಒಂದು ಸದ್ದು ಬಂತು. ನಗುವೋ ಅಳುವೋ ನನಗೆ ಬಗೆಹರಿಯಲಿಲ್ಲ. ಎದ್ದು ಚಿಲಕ ತೆಗೆದ. ಅವಳು ಅವನನ್ನು ನೋಡಿ, "ಮೊದಲ ಜಳಕಾ ಮಾಡು. ಆಮ್ಯಾಲ ಖಾನಾವಳಿಗಿ ಹೋಗೂಣು," ಎಂದಳು. ಇಬ್ಬರೂ ಹೋದರು. ಸಂಜೆಗೆ ಚನ್ನವೀರ ಒಬ್ಬನೇ ಬಂದ. ಮರುದಿನ ಕ್ಲಾಸಿಗೆ ಹೋದ. ನನಗಾಗಿ ಬಂದವಳು ನನ್ನನ್ನೇ ಮರೆತು ಹೋದಳಲ್ಲ ಎಂದುಕೊಂಡೆ.

ಅಂದಿನಿಂದ ನಾನು ಅವನ ಬಳಿಯೇ ಉಳಿದೆ. ಪುಸ್ತಕಗಳನ್ನು ಕಿರಿಯರಿಗೆ ಕೊಟ್ಟ, ನನ್ನನ್ನು ಕೊಡಲಿಲ್ಲ. ಅವನ ಇಂಟರ್ನ್‌ಶಿಪ್ ವರ್ಷದಲ್ಲಿ ಒಮ್ಮೆ ಮಕ್ಕಳ ವಾರ್ಡಿನಲ್ಲಿ ಒಂದು ಮಗು ತೀರಿಕೊಂಡಿತು. ಅವನು ಮೂವತ್ತು ತಾಸು ನಿದ್ದೆಯಿಲ್ಲದೆ ಅದರ ಬಳಿ ಇದ್ದವನು. ಮರುದಿನ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಸಿಂದಗಿಯ ಬಸ್ಸು ಹತ್ತಿದ. ನಿಲ್ದಾಣದಲ್ಲಿಳಿದು ಕಲ್ಲಿನ ಬೆಂಚಿನ ಮೇಲೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತ. ಎರಡು ಸಲ ಎದ್ದು ನಿಂತ. ಕೊನೆಗೆ ಚಹಾ ಕುಡಿದು ತಿರುಗಿ ಬಸ್ಸು ಹತ್ತಿದ. ಅಷ್ಟು ದೂರ ಒಂದು ಚಹಾಕ್ಕೆ ಯಾಕೆ ಬಂದ ಎಂದು ನಾನು ಎಷ್ಟೋ ವರ್ಷ ಯೋಚಿಸಿದೆ.

ಅವನು ಅಂಗರಚನೆಯ ಮೇಷ್ಟ್ರಾದ. ಬೇರೆ ಕಾಲೇಜು, ಹಾಗೆಯೇ ನೂರೈವತ್ತು ಮುಖಗಳು. ಪ್ರತಿ ವರ್ಷ ಮೊದಲ ಪಾಠದಲ್ಲಿ ನನ್ನನ್ನು ಎತ್ತಿ ಹಿಡಿದು, "ಇದು ಯಾರದು?" ಎಂದು ಕೇಳುತ್ತಿದ್ದ. ಹುಡುಗರು ಬಲ, ಎಡ, ಗಂಡು, ಹೆಣ್ಣು ಎಂದು ಕೂಗುತ್ತಿದ್ದರು. "ಹೆಸರು ಕೇಳಿದೆ," ಎನ್ನುತ್ತಿದ್ದ. "ನನಗೂ ಗೊತ್ತಿಲ್ಲ. ಈಗ ಒಬ್ಬೊಬ್ಬರಾಗಿ ಎದ್ದು ಗೊತ್ತಿಲ್ಲ ಸರ್ ಅನ್ರಿ. ಅಂದವರು ಕೂಡ್ರಿ." ಹುಡುಗರು ನಗುತ್ತ ಹೇಳುತ್ತಿದ್ದರು. ಕೆಲವರ ಬಾಯಲ್ಲಿ ಮಾತು ಹೊರಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಊರಿಗೇ ಮೊದಲಿಗರಾಗಿ ಬಂದವರು ಅವರು. ಒಂದು ವರ್ಷ ಕೊನೆಯ ಪಾಠದ ದಿನ ಒಬ್ಬ ಹುಡುಗಿ, "ಸರ್, ಇಡೀ ವರ್ಷ ನಾ ಕೊಟ್ಟ ಖರೇ ಉತ್ತರ ಆ 'ಗೊತ್ತಿಲ್ಲ' ಒಂದಽ," ಎಂದಳು. ಅವನು ಮನೆಗೆ ಬಂದು ದಾಕ್ಷಾಯಣಿಗೆ ಅದನ್ನು ಹೇಳಿ ನಕ್ಕ. ಅವಳು ಪಿ.ಯು. ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. "ನಮ್ಮ ಹುಡುಗರಿಗೆ ಅದನ್ನ ಕಲಿಸೂದಽ ಬೇಕಿಲ್ಲ, ತಾವಽ ಅಂತಾರ," ಎಂದಳು.

ಹಾಗಿದ್ದವನು ತನ್ನ ಎದೆ ನೋಯತೊಡಗಿದಾಗ ಬೇರೆ ಮಾತು ಆರಿಸಿದ. ದಾಕ್ಷಾಯಣಿ ನಾಲ್ಕು ದಿನ ಕೇಳಿದಳು. ನಾಲ್ಕು ದಿನವೂ, "ಏನಿಲ್ಲ. ಆ್ಯಸಿಡಿಟಿ," ಎಂದ. ಐದನೆಯ ದಿನ ಕಾಲೇಜಿನ ಮೆಟ್ಟಿಲ ಮೇಲೆ ಕುಸಿದ. ಅವನಿಗೆ ಮೂವತ್ತಮೂರು.

ದಾಕ್ಷಾಯಣಿ ಅವನ ಫೋನಿನಲ್ಲಿ 'ಜುಬೇದಾ ಅಕ್ಕ, ಸಿಂದಗಿ ದವಾಖಾನಿ' ಎಂಬ ಹೆಸರನ್ನು ಕಂಡಳು. ಫೋನು ಮಾಡಲಿಲ್ಲ. ನನ್ನನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ದವಾಖಾನೆಯ ಬಾಗಿಲಲ್ಲಿ ನರ್ಸ್, "ಚೀಟಿ ಮಾಡಿಸೀರೇನ್ರಿ?" ಎಂದಳು. ದಾಕ್ಷಾಯಣಿ ವಾದಿಸಲಿಲ್ಲ. ಚೀಟಿ ಮಾಡಿಸಿ ಬೆಂಚಿನ ಮೇಲೆ ಕುಳಿತಳು. ಮುಂದೆ ಇಪ್ಪತ್ತಾರು ಮಂದಿಯಿದ್ದರು. ಪಕ್ಕದ ಮುದುಕಿ ಚೀಲ ನೋಡಿ, "ಏನವಾ ಇದು, ತಂಬೂರಿಯೇನು?" ಎಂದಳು. "ಅಲ್ಲಬೇ," ಎಂದಳು ದಾಕ್ಷಾಯಣಿ. ಆರು ದಿನಗಳಲ್ಲಿ ಅವಳ ತುಟಿ ನಗುವಿಗೆ ಸ್ವಲ್ಪ ಅಲುಗಿದ್ದು ಆಗಲೇ.

ಒಳಗೆ ಜುಬೇದಾ ಬರೆಯುತ್ತಿದ್ದಳು. ಕನ್ನಡಕ ಬಂದಿತ್ತು. ತಲೆ ಎತ್ತದೆ ಕೇಳಿದಳು: "ಏನಾಗೇತಿ ತಂಗಿ?"

"ನನಗೇನೂ ಆಗಿಲ್ಲರಿ. ನಾನು ಚನ್ನವೀರ ಅವರ ಮನಿಯಾಕಿ."

ಜುಬೇದಾ ತಲೆ ಎತ್ತಿದಳು. ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅವಳ ಕಣ್ಣು ಪಟ್ಟೆಬಟ್ಟೆಯ ಚೀಲದ ಮೇಲೆ ಬಿತ್ತು. ಕನ್ನಡಕ ತೆಗೆದಿಟ್ಟಳು.

"ಅಂವಽ ಕೊಟ್ಟು ಕಳಿಸಿದ್ನಾ?"

"ಇಲ್ಲರಿ. ಅವರು ತೀರಿಕೊಂಡ್ರು. ಹಾರ್ಟ್ ಅಟ್ಯಾಕ್. ಇವತ್ತಿಗಿ ಆರು ದಿನ."

ಜುಬೇದಾ ಎದ್ದು ಬಾಗಿಲು ಮುಂದೆ ಮಾಡಿದಳು. ಹೊರಗೆ ಯಾರೋ ಕೆಮ್ಮುತ್ತಿದ್ದರು. ಬಹಳ ಹೊತ್ತು ಬಾಗಿಲ ಮೇಲೆ ಕೈಯಿಟ್ಟು ನಿಂತಳು. ತಿರುಗಿ ಬಂದು ಕುಳಿತ ಮೇಲೂ ಅವಳು ಕೇಳಿದ್ದು ನನ್ನ ವಿಷಯವನ್ನೇ.

"ತಂಗಿ, ಸಿಟ್ಟಾಗಬ್ಯಾಡ. ಹೋಗೂಕಿಂತ ಮೊದಲ ಇದನ್ನ ತಗದಿಟ್ಟಿದ್ನೇನು? ನನಗ ಮುಟ್ಟಸಂತ ಹೇಳಿದ್ನೇನು?"

"ಇಲ್ಲ. ಅವತ್ತೂ ಕ್ಲಾಸಿಗಿ ಒಯ್ದಿದ್ರು. ಮೆಟ್ಟಲದ ಮ್ಯಾಲ ಬಿದ್ದಾಗ ಬಗಲಾಗ ಇತ್ತಂತ. ಯಾಕ ಕೇಳತೀರಿ?"

ಜುಬೇದಾ ಆ ಒಂಬತ್ತು ದಿನಗಳ ಕತೆ ಹೇಳಿದಳು. ದಾಕ್ಷಾಯಣಿಗೆ ಅದು ಗೊತ್ತಿರಲಿಲ್ಲ. ಖಾನಾವಳಿಯಲ್ಲಿ ನಡೆದದ್ದು ನನಗೂ ಗೊತ್ತಿರಲಿಲ್ಲ.

"ರೊಟ್ಟಿ ಮುರೀತಾ ಅಂದ, ಅಕ್ಕಾ ನನಗ ಸಾಕಾತು ಅಂತ. ಕಾಲೇಜಷ್ಟಽ ಅಲ್ಲ. ನನಗೂ ಆಗ ಹತ್ತೊಂಬತ್ತು ವರ್ಷ. ಏನ ಹೇಳಬೇಕು? ಎಲುಬು ನಿನ್ನ ಹತ್ರಽ ಇರಲಿ ಅಂದೆ. ಖರೇನಽ ಸಾಕು ಅನಿಸಿದ ದಿನ ನೀನಽ ತಂದು ನನ್ನ ಕೈಯಾಗ ಕೊಡು. ಕೊಡೂತನಕ ನೀ ಅದೀ ಅಂತ ನಾ ತಿಳಕೋತೀನಿ. ಅಂವ ಹೂಂ ಅಂದ. ಹದಿನೈದು ವರ್ಷ ಬರಲಿಲ್ಲ. ನಾನೂ ಕೇಳಲಿಲ್ಲ."

ಸಿಂದಗಿಯ ನಿಲ್ದಾಣದ ಆ ಕಲ್ಲಿನ ಬೆಂಚು, ಎರಡು ಸಲ ಎದ್ದು ನಿಂತದ್ದು, ಆ ಚಹಾ ಆಗ ನನಗೆ ಅರ್ಥವಾಯಿತು. ನಾನು ಪಾಠದ ಸಾಮಾನು ಎಂದೇ ತಿಳಿದಿದ್ದೆ. ಒಬ್ಬನು ಇನ್ನೊಬ್ಬಳಿಗೆ ಕೊಟ್ಟ ಮಾತು ನಾನು. ಒಮ್ಮೆ ಯಾರದೋ ಮೈಯನ್ನು ಹೊತ್ತಿದ್ದೆ, ಆ ಮೇಲೆ ಈ ಮಾತನ್ನೂ ಹೊತ್ತಿದ್ದೆ.

ದಾಕ್ಷಾಯಣಿ ಮೇಜಿನ ಅಂಚು ಹಿಡಿದಿದ್ದಳು. "ನಾಕು ದಿನ ಎದಿ ನೋವಿತ್ತು. ಕೇಳಿದ್ರ ಏನಿಲ್ಲ ಅಂದ್ರು. ತಿಳದಽ ಸುಮ್ಮನಿದ್ರು ಅಂತಾರ."

"ನಾವೆಲ್ಲಾ ಹಂಗಽ ತಂಗಿ. ನನಗ ಸಕ್ಕರಿ ಶುರುವಾಗಿ ಎರಡು ವರ್ಷಾತು. ತಪಾಸ ಮಾಡಿಸಿದ್ದು ಹ್ವಾದ ತಿಂಗಳ. ಅದಕ್ಕ ಸಾಯೂ ಮನಸ್ಸು ಅನ್ನಬ್ಯಾಡ. ಪೇಷಂಟ್ ಕೂಡೂ ಆ ಕಡೆ ಕುರ್ಚಿಗಿ ಹೋಗಿ ಕೂಡಾಕ ನಾಚಿಕಿ ನಮಗ. ಬ್ಯಾರೇವರಿಗಿ ಹೇಳತೀವಿ, ನಾವು ಕೂಡೂದಿಲ್ಲ." ಚೀಲದ ಕಡೆ ನೋಡಿ ಹೇಳಿದಳು: "ಸಾಕು ಅನಿಸಿದ್ರ ಇದನ್ನ ತಂದು ಕೊಟ್ಟು ಹೋಗತಿದ್ದ. ಮಾತು ತಪ್ಪಾಂವಲ್ಲ ಅಂವ."

ದಾಕ್ಷಾಯಣಿ ಅಳಲಿಲ್ಲ. ಒಂದು ಉಸಿರು ಬಿಟ್ಟಳು. ಆ ಉಸಿರನ್ನು ಆರು ದಿನ ಎಲ್ಲಿಟ್ಟಿದ್ದಳೋ. ಆಮೇಲೆ ಚೀಲದ ದಾರ ಬಿಚ್ಚಿ ನನ್ನನ್ನು ಹೊರತೆಗೆದಳು. ಬಣ್ಣಗಳು ಮಾಸಿವೆ, ನನ್ನ ತಲೆಯಲ್ಲೊಂದು ಬಿರುಕು ಬಿಟ್ಟಿದೆ. ಇನ್ನು ಯಾರೂ ನನ್ನನ್ನು ಓದಲಾರರು.

ಎರಡೂ ಕೈಯಲ್ಲಿ ನನ್ನನ್ನು ಮುಂದೆ ಹಿಡಿದಳು. ಜುಬೇದಾಳ ಕೈ ಮೇಜಿನಿಂದ ಏಳಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು, ತೆಗೆದುಕೊಳ್ಳುತ್ತಿರಲಿಲ್ಲ.

"ತಗೋರಿ ಅಕ್ಕಾ," ಎಂದಳು ದಾಕ್ಷಾಯಣಿ. "ಅವರು ಕೊಟ್ಟಿಲ್ಲ. ನಾ ಕೊಡಾಕತ್ತೀನಿ."

ಆಗ ಜುಬೇದಾ ಕೈ ಚಾಚಿದಳು.