ರಕ್ತ ತಿರುಗಿಸಿ ಸುಸ್ತಾದವನು

ನಾನು ರಕ್ತ ತಿರುಗಿಸುವ ಯಂತ್ರ. ಲ್ಯಾಬಿನವರು ಸೆಂಟ್ರಿಫ್ಯೂಜ್ ಎನ್ನುತ್ತಾರೆ. ಅಂಬಾಲದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಹುಟ್ಟಿದ ದಿನವೇ ಗರಗರ ತಿರುಗಿಸಿ ನೋಡಿದರು; ಅಂದು ಹತ್ತಿದ ತಲೆಸುತ್ತು ಇನ್ನೂ ಇಳಿದಿಲ್ಲ. ರಕ್ತದ ನಳಿಕೆಗಳನ್ನು ನನ್ನ ಹೊಟ್ಟೆಯೊಳಗಿಟ್ಟು ತಿರುಗಿಸಿದರೆ ಕೆಂಪು ಕೆಳಗಿಳಿದು ತಿಳಿ ಮೇಲೆ ನಿಲ್ಲುತ್ತದೆ. ಆ ತಿಳಿಯನ್ನು ಪಕ್ಕದ ಯಂತ್ರ ಪರೀಕ್ಷಿಸಿ ಅಂಕಿ ಹೇಳುತ್ತದೆ. ದುಡಿಮೆ ನನ್ನದು, ಹೆಸರು ಅದರದು. ಇರಲಿ ಬಿಡಿ.

ಮೊದಲು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಪುರುಸೊತ್ತಿಲ್ಲದೆ ದುಡಿದೆ. ಅಲ್ಲಿಗೆ ಹೊಸದು ಬಂದಾಗ ಶಾಹಿದಾಬಾನು ಎಂಬವರು ಬೆಟಗೇರಿಯ ತಮ್ಮ ಸಣ್ಣ ಲ್ಯಾಬಿಗೆ ನನ್ನನ್ನು ತಂದರು.

ಬೆಟಗೇರಿಯಲ್ಲಿ ಮಗ್ಗದವರು ಬಹಳ. ಮಲದಲ್ಲಿ ರಕ್ತ ಕಂಡರೆ, ಕೂತು ಕೂತು ಮೂಲವ್ಯಾಧಿಯಾಗಿದೆ ಎಂದು ಸುಮ್ಮನಾಗುತ್ತಾರೆ. ನೇಕಾರ ಪರಶುರಾಮಸಾ ಬಾಕಳೆಯೂ ಹಾಗೇ ಇದ್ದ. ಹೆಂಡತಿ ಅಂಬೂಬಾಯಿ ಅವನನ್ನು ಡಾಕ್ಟರ ಹತ್ತಿರ ಎಳೆದೊಯ್ದಳು. ಕೊಳವೆ ಹಾಕಿ ಕರುಳಿನೊಳಗೆ ನೋಡಬೇಕು, ಜೊತೆಗೆ ಸಿಇಎ ಎಂಬ ರಕ್ತಪರೀಕ್ಷೆಯೂ ಆಗಲಿ ಎಂದರು ಡಾಕ್ಟರು. ಕರುಳಿನ ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಆ ಸಿಇಎ ಅಂಕಿ ಏರಬಹುದಂತೆ. ಆ ಜಾಗಕ್ಕೆ ಕೊಳವೆ ಎಂದರೆ ಪರಶುರಾಮಸಾನಿಗೆ ನಾಚಿಕೆ. ರಕ್ತ ಮಾತ್ರ ಕೊಟ್ಟ.

ಅಂಕಿ ಸರಿಯಾಗಿಯೇ ಬಂತು. ಗೆದ್ದೆ ಎಂದುಕೊಂಡು ಪೇಡೆ ಡಬ್ಬಿ ತಂದು, ಬೇರೆ ಜಾಗವೇ ಇಲ್ಲವೆಂಬಂತೆ, ನನ್ನ ತಲೆಯ ಮೇಲಿಟ್ಟ. ಶುರುವಿನಲ್ಲಿ ರಕ್ತದಲ್ಲಿ ಗೊತ್ತಾಗದೆಯೂ ಇರಬಹುದು, ಕೊಳವೆ ಪರೀಕ್ಷೆ ಬಿಡಬೇಡಿ ಎಂದು ಶಾಹಿದಾ ಹೇಳಿ ಹೇಳಿ ಸೋತರು. ಅವನು ನಗುತ್ತಾ ಹೋದ.

ವರ್ಷ ಕಳೆದು ಬಂದಾಗ ಅರ್ಧ ಆಳಾಗಿದ್ದ. ಈ ಸಲ ಅಂಕಿ ಎಷ್ಟೋ ಪಟ್ಟು ಏರಿತ್ತು. ಸ್ಕ್ಯಾನ್ ಮಾಡಿಸಿದರೆ ರೋಗ ಲಿವರಿಗೂ ಹಬ್ಬಿತ್ತು.

ಅಂಬೂಬಾಯಿ ನಮ್ಮ ಕಡೆ ಕೈ ತೋರಿಸಿ ಕೇಳಿದಳು, "ಆವಾಗ ಇವು ಸುಳ್ಳ ಹೇಳಿದ್ವೇನ್ರೀ?"

"ಸುಳ್ಳ ಅಲ್ರಿ ಅಕ್ಕಾರ. ಎಲ್ಲಾ ಹೇಳಿರಲಿಲ್ಲ," ಎಂದರು ಶಾಹಿದಾ.

ಆಮೇಲೂ ಅವನ ರಕ್ತವನ್ನು ಮತ್ತೆ ಮತ್ತೆ ತಿರುಗಿಸಿದೆ. ಅಂಕಿ ಇಳಿಯಲಿಲ್ಲ. ಕೊನೆಗೆ ಅವನ ನಳಿಕೆ ಬರುವುದೇ ನಿಂತಿತು. ನನಗೆ ತುಂಬಾ ಸಂಕಟವಾಯಿತು. ಯಂತ್ರಕ್ಕೆಂಥ ಸಂಕಟ ಎನ್ನಬೇಡಿ.

ಈಗ ನನ್ನ ಬೇರಿಂಗ್ ಸವೆದಿದೆ, ತಿರುಗಿದರೆ ನರಳುತ್ತೇನೆ. ಮೂಲೆಗೆ ಸರಿಸಿದ್ದಾರೆ, ಕೆಲಸ ಹೆಚ್ಚಾದ ದಿನ ಮಾತ್ರ ನೆನಪಾಗುತ್ತೇನೆ. ಮೊನ್ನೆ ಅಂಥದೇ ದಿನ. ಅಂಬೂಬಾಯಿ ಮೈದುನನ ರಟ್ಟೆ ಹಿಡಿದು ಕರೆತಂದಳು. ಅವನಿಗೂ ರಕ್ತ ಹೋಗುತ್ತಿದೆಯಂತೆ. ಅವನು ಆಗಲೇ ತೋಳು ಏರಿಸಿ ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಶಾಹಿದಾ ನನ್ನ ಮುಚ್ಚಳ ತೆರೆದರು.

ಅಂಬೂಬಾಯಿ ಮೈದುನನ ತೋಳನ್ನು ಕೆಳಗಿಳಿಸಿದಳು. "ರಕ್ತ ಆಮ್ಯಾಲೆ ತಗೋರಿ. ಮೊದಲ ಆ ಕೊಳವಿ ಹಾಕಿ ಎಲ್ಲಿ ನೋಡ್ತಾರ ಹೇಳ್ರಿ. ನಾನ ಕರ್ಕೊಂಡ ಹೋಗ್ತೀನಿ."

ಶಾಹಿದಾ ವಿಳಾಸ ಹೇಳಿದರು. ಅವರಿಬ್ಬರೂ ಬಿಸಿಲಲ್ಲೇ ಹೊರಟರು. ಶಾಹಿದಾ ನನ್ನ ಖಾಲಿ ಹೊಟ್ಟೆಯ ಮೇಲೆ ಮುಚ್ಚಳ ಹಾಕಿದರು. ಸುಮ್ಮನೆ ಕೂತದ್ದು ಇಷ್ಟು ಹಿತವಾದದ್ದು ಅದೇ ಮೊದಲು.