ತೌಹೀದನ ನಾಲ್ಕನೆಯ ಪ್ರತಿ

ತೌಹೀದ್ ತೀರಿಕೊಂಡು ಮೂವತ್ತೊಂಬತ್ತು ದಿನ. ಮರುದಿನ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ. ಅವನ ತಂಗಿ ಕಹಕಶಾ ಅವನೂ ನಾನೂ ನಡೆಸುತ್ತಿದ್ದ ಮಾಲೂರಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದಳು.

“ಪದ್ಮಕ್ಕ, ಭಾಯ್ ದನಿ ಕೊಡ್ತೀರಾ? ಅಮ್ಮಿ ಒಂದ್ಸಲ ಕೇಳ್ಬೇಕಂತೆ.”

ಫೋಟೊ, ವಿಡಿಯೊ ಎಂದರೆ ದೂರ ಓಡುತ್ತಿದ್ದ ಆಸಾಮಿ. ಅವನ ದನಿ ಉಳಿದದ್ದು ಸುಗಟೂರು ಡೇರಿಯ ಪ್ರೋಗ್ರಾಂನಲ್ಲಿ ಮಾತ್ರ. “ಹದಿನೇಳು, ಬನ್ನಿ” ಎಂದು ಹಾಲು ಹಾಕುವವರನ್ನು ನಂಬರು ಹಿಡಿದು ಕರೆಯುತ್ತಿತ್ತು. ಹದಿನೇಳು ಅವನ ಅಮ್ಮಿಯದೇ ನಂಬರು. ಡೇರಿಯ ಯಂತ್ರ ಸುಟ್ಟಮೇಲೆ ಆ ಪ್ರೋಗ್ರಾಂ ಅನ್ನು ನಮ್ಮ ಎಮ್ಯುಲೇಟರ್‌ನಲ್ಲಿ ಓಡಿಸುತ್ತಿದ್ದೆವು. ಎಮ್ಯುಲೇಟರ್ ಎಂದರೆ ಕಂಪ್ಯೂಟರಿಗೆ ಹಳೇ ಯಂತ್ರದ ವೇಷ ಹಾಕಿಸುವ ಪ್ರೋಗ್ರಾಂ; ನಾಲ್ಕು ಯಂತ್ರಕ್ಕೆ ನಾಲ್ಕು ವೇಷ.

ಯಂತ್ರ ತನ್ನ ಮೆಮೊರಿಯನ್ನು ಪುಟಪುಟವಾಗಿ ಓದುತ್ತದೆ. ಪುಟ ಎಷ್ಟು ದೊಡ್ಡದು ಎಂದು ತಿಳಿಸುವ ಹತ್ತು ಸಾಲನ್ನು ತೌಹೀದ್ ನಾಲ್ಕೂ ವೇಷದಲ್ಲಿ ಬೇರೆಬೇರೆಯಾಗಿ ಬರೆದಿದ್ದ. ಒಂದು ಮನೆಗೆ ನಾಲ್ಕು ಉಪ್ಪಿನ ಡಬ್ಬ ಯಾಕೋ ಎಂದು ಬೈಯುತ್ತಿದ್ದೆ. ಅವನು ಹೋದಮೇಲೆ ಸುಮ್ಮನೆ ಕೂರಲಾಗದೆ ಮೂರು ಪ್ರತಿ ಓದಿದೆ. ಮೂರೂ ಒಂದೇ. ಅನ್ನಕ್ಕೆ ಒಂದಗುಳು ಹಿಸುಕಿದರೆ ಸಾಕಲ್ಲ ಎಂದುಕೊಂಡು, ನಾಲ್ಕನ್ನೂ ಅಳಿಸಿ ಎಲ್ಲಕ್ಕೂ ಸೇರಿ ಒಂದೇ ಕಡತ ಮಾಡಿದೆ.

ಈಗ ಕಹಕಶಾಳ ಎದುರು ಡೇರಿಯ ವೇಷ ಓಡಿಸಿದೆ. “ಹದಿ...” ಎಂದ ದನಿ ಅಲ್ಲೇ ಕಡಿದು, ಗರಗರ ಎಂದಿತು. ಆಮೇಲೆ ಬೆನ್ನ ಹಿಂದೆ ನಿಂತವನ ಹಾಗೆ, ಮೆಲ್ಲಗೆ:

“ಪದ್ಮಕ್ಕ, ಕೇಳಿಸ್ತಾ ಇದ್ಯಾ? ಯಾಕೋ ಎದೆ ಹಿಡ್ಕೊಂಡಂಗೈತೆ. ಇವತ್ತು ನೀವೇ ಬಾಗ್ಲು ಹಾಕ್ತೀರಾ?”

ಪ್ರೋಗ್ರಾಂ ನಿಲ್ಲಿಸಿದೆ. ಅವನ ಕೊನೆಯ ಸಂಜೆ ಅದು. ಡೇರಿಯ ಹೊಸ ನಂಬರುಗಳಿಗೆ ಮೈಕಿನಲ್ಲಿ ದನಿ ತುಂಬುತ್ತಾ ಕೂತಿದ್ದ. ಪಕ್ಕದಲ್ಲೇ ನಾನು ಫೋನಿನಲ್ಲಿ ಗಿರಾಕಿಯ ಮೇಲೆ ರೇಗಾಡುತ್ತಿದ್ದೆ, ಅವನ ಮಾತು ಕೇಳಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಓದದೆಯೇ ಅಳಿಸಿದ್ದ ನಾಲ್ಕನೆಯ ಪ್ರತಿಯನ್ನು, ಡೇರಿಯದನ್ನು, ಹುಡುಕಿ ತೆಗೆದೆ. ಒಂದು ಸಾಲು ಬೇರೆ ಇತ್ತು: ಈ ಯಂತ್ರದ ಪುಟ ಉಳಿದವುಗಳ ಕಾಲುಭಾಗ. ನನ್ನ ದೊಡ್ಡ ಅಳತೆ ಹಿಡಿದ ಪ್ರೋಗ್ರಾಂ ಹದಿನೇಳನ್ನು ದಾಟಿ, ಅವನು ಬೇಡವೆಂದು ಬಿಟ್ಟ ದನಿ ಬಿದ್ದಿದ್ದ ಜಾಗಕ್ಕೆ ಹೋಗಿತ್ತು. ಕಡತ ಒಂದೇ ಇರಲಿ, ಮೊದಲು ಆಯಾ ಯಂತ್ರವನ್ನು ಅದರ ಅಳತೆ ಕೇಳಲಿ ಎಂದು ತಿದ್ದಿದೆ.

“ಹದಿನೇಳು, ಬನ್ನಿ.”

ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು, “ಇನ್ನೊಂದು?” ಎಂದೆ.

“ಅದು ಅಮ್ಮಿಗೆ ಬೇಡ ಅಕ್ಕ,” ಕಹಕಶಾ ಕಣ್ಣೊರೆಸಿಕೊಂಡಳು. “ಅದು ನಿಮ್ಗೆ ಹೇಳಿದ್ದು.”

ಈಗ ಎಮ್ಯುಲೇಟರ್‌ಗೆ ಐದನೆಯ ವೇಷವೊಂದಿದೆ, ಬೇಕೆಂದೇ ತಪ್ಪು ಅಳತೆಯದು. ದಿನಾ ಸಂಜೆ ಓಡಿಸುತ್ತೇನೆ. ಅವನು ಮತ್ತೆ ಅದನ್ನೇ ಕೇಳುತ್ತಾನೆ.

“ಕೇಳಿಸ್ತು ಕಣೋ,” ಎನ್ನುತ್ತೇನೆ. “ನೀನು ಹೊರಡು. ಬಾಗ್ಲು ನಾನು ಹಾಕ್ತೀನಿ.”